ನಿಕ್ಕಲ್ ಮೇಲಿನ ಉಸಿರು

ಮೂವತ್ತು ವರ್ಷದಿಂದ ನಾನು ನಂಬಿಕೊಂಡು ಬಂದದ್ದು ನನ್ನ ಕಣ್ಣನ್ನು ಮಾತ್ರ. ಅಮೆರಿಕದ ಓಹಾಯೋದ ಹಳೆಯ ಪಿಸ್ತೂಲುಗಳ ಮೇಳಗಳಲ್ಲಿ, ನಿಕ್ಕಲ್ ಲೇಪ ಕಾರ್ಖಾನೆಯದೋ ಆಮೇಲೆ ಹೊರಗೆ ಮಾಡಿಸಿದ್ದೋ ಎಂದು ಹೇಳುವವನು ನಾನು. ಉಸಿರು ಬಿಟ್ಟರೆ ಲೋಹ ಮಂಜಾಗುತ್ತದೆ. ಆ ಮಂಜಿನಲ್ಲಿ, ನಳಿಗೆಯ ಮೇಲೆ ಕೊರೆದ ಅಕ್ಷರಗಳ ಅಂಚು ಸವೆಯದೆ ಚೂಪಾಗಿ ಕಂಡರೆ ಅದು ಕಾರ್ಖಾನೆಯದು.

ಜನವರಿಯ ಒಂದು ಬೆಳಿಗ್ಗೆ ಮೇಳದಲ್ಲಿ ನನ್ನ ಗೆಳೆಯ ಆರ್ಲೆನ್‌ನ ಹೆಂಡತಿ ವರ್ನಾ ಅವನ ಪಿಸ್ತೂಲನ್ನು ನನ್ನ ಮೇಜಿನ ಮೇಲಿಟ್ಟಳು. ಹಿಂದಿನ ವರ್ಷ ಇದೇ ಮೇಳದಲ್ಲಿ ಅದರ ಟ್ರಿಗರ್ ಕೂಡ ನಿಕ್ಕಲ್‌ನಿಂದ ಹೊಳೆಯುವುದನ್ನು ಕಂಡು, ಆರ್ಲೆನ್‌ಗೆ "ಕಾರ್ಖಾನೆಯವರು ಟ್ರಿಗರ್‌ಗೆ ನಿಕ್ಕಲ್ ಹಾಕಲ್ಲ ಕಣೋ, ಯಾರೋ ನಿನ್ನ ತಲೆ ಬೋಳಿಸಿದಾರೆ" ಎಂದು ನಾಲ್ಕು ಜನರೆದುರು ನಕ್ಕಿದ್ದೆ. ಇದ್ದ ಹಣವೆಲ್ಲ ಅದಕ್ಕೆ ಸುರಿದಿದ್ದ ಆರ್ಲೆನ್ ಆ ವಾರವೇ ಅದೇ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡು ಪ್ರಾಣ ಕಳೆದುಕೊಂಡಿದ್ದ.

"ಕಾರ್ಖಾನೆಯಿಂದ ಕಾಗದ ಬಂತು, ಕ್ಲೈಡ್," ಎಂದಳು ವರ್ನಾ. "ಟ್ರಿಗರ್‌ಗೂ ನಿಕ್ಕಲ್ ಬೇಕು ಅಂತ ಮೊದಲು ಕೊಂಡವರು ಯಾರೋ ಕಾರ್ಖಾನೆಯಲ್ಲೇ ಕೇಳಿ ಮಾಡಿಸಿದ್ದಂತೆ. ಅವತ್ತು ನೀನು ಉಸಿರು ಬಿಟ್ಟು ಸಹ ನೋಡ್ಲಿಲ್ಲ. ಈಗ ಬಿಡು."

ಹಿಮದಲ್ಲಿ ತಂದ ಲೋಹ ಬೆರಳು ಕೊರೆಯುತ್ತಿತ್ತು. ಉಸಿರು ಬಿಟ್ಟೆ, ಮಂಜು ಕಟ್ಟಲಿಲ್ಲ. ಮತ್ತೆ ಬಿಟ್ಟೆ, ಆಗಲೂ ಇಲ್ಲ. ಉಸಿರು ಬಿಗಿಹಿಡಿದು ಕುಳಿತಾಗ ನಳಿಗೆಯ ತುದಿಯಿಂದ ಮಂಜು ತಾನಾಗಿ ಹರಡಿ, ಆರಿ, ಮತ್ತೆ ಹರಡಿತು, ಮಲಗಿದವನ ಉಸಿರಿನ ಹಾಗೆ. ಆರ್ಲೆನ್ ಅಗಿಯುತ್ತಿದ್ದ ಪುದೀನ ಬೆರೆತ ಹೊಗೆಸೊಪ್ಪಿನ ವಾಸನೆ ಬಂತು. ಅಕ್ಷರಗಳು ಚೂರಿಯಷ್ಟು ಚೂಪಾಗಿದ್ದವು.

"ಕಾರ್ಖಾನೆಯದೇ," ಎಂದೆ. ವರ್ನಾ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದಳು.

ಮೂರು ಚಳಿಗಾಲ ಕಳೆದಿವೆ. ಅಂದಿನಿಂದ ನಿಕ್ಕಲ್ ಹಾಗಿರಲಿ, ಕಿಟಕಿಯ ಗಾಜಿನ ಮೇಲೂ ನನ್ನ ಉಸಿರು ಮಂಜು ಕಟ್ಟುವುದಿಲ್ಲ.