ಕೆಮ್ಮು ಸಾಹೇಬರ ಫೋನು

ಹೆಣ್ಣಿಗೆ ಹಟವಿರಬಾರದು, ಗಂಡಿಗೆ ಚಟವಿರಬಾರದು, ಇಬ್ಬರಲ್ಲಿ ಒಬ್ಬರಿಗೂ ಮಿಮಿಕ್ರಿ ಬರಬಾರದು. ಗಾದೆಗೆ ಬಾಲ ಅಂಟಿಸಿದ್ದು ನಾನು. ಕಥೆ ಮಾತ್ರ ಅಪ್ಪಟ ನಿಜ.

ನಾನೂ ನನ್ನ ಜೊತೆಗಾರನೂ ಲಿಫ್ಟ್ ರಿಪೇರಿಯವರು. ನಾನು ಮೇಲೆ ಮೋಟಾರಿನ ಕೋಣೆಯಲ್ಲಿ, ಅವನು ಕೆಳಗೆ ತಳದ ಗುಂಡಿಯಲ್ಲಿ. ಈ ಕೆಲಸಕ್ಕೊಂದು ಕಟ್ಟುನಿಟ್ಟಿದೆ: ಒಬ್ಬರು ಕೂಗಿದ್ದನ್ನು ಇನ್ನೊಬ್ಬರು ತಿರುಗಿ ಕೂಗುವ ತನಕ ಯಾರೂ ಸ್ವಿಚ್ ಮುಟ್ಟುವಂತಿಲ್ಲ. ‘ಮೇಲೆ’ ಅಂದರೆ ‘ಮೇಲೆ’. ‘ನಿಲ್ಲಿಸು’ ಅಂದರೆ ‘ನಿಲ್ಲಿಸಿದೆ’. ಮರೆತರೆ ಜೀವಕ್ಕೇ ಕುತ್ತು.

ಆ ಕತ್ತಲಿನಿಂದ ಅವನ ದನಿ ಮೇಲೇರಿದಾಗಲೆಲ್ಲ ನನ್ನ ಎದೆ ಒಂದು ಮಹಡಿ ಕೆಳಗಿಳಿಯುತ್ತಿತ್ತು. ಮೂಗಿಗೆ ಗ್ರೀಸ್ ಮೆತ್ತಿಕೊಂಡು ಹೊರಬಂದವನು ನೋಡದವನ ಹಾಗೆ ನನ್ನನ್ನು ನೋಡುತ್ತಿದ್ದ. ನಾನು ಸ್ಪ್ಯಾನರ್ ಹುಡುಕುತ್ತಿದ್ದೆ, ಕೈಯಲ್ಲೇ ಹಿಡಿದುಕೊಂಡು. ಮಿಮಿಕ್ರಿ ಮಾಡುವ ನನಗೆ ಅವನಿಟ್ಟ ಹೆಸರು ಗಿಳಿ.

ಸೂಪರ್‌ವೈಸರ್ ಹುದ್ದೆಗೆ ಇಬ್ಬರೂ ಪರೀಕ್ಷೆ ಬರೆದೆವು. ನನಗೆ ಸಿಕ್ಕಿತು. ಅಮ್ಮನ ಮುಖ ಸಪ್ಪಗಾಯಿತು. ಗಂಡನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತರೇ ಸಂಸಾರಕ್ಕೆ ಕ್ಷೇಮ ಎನ್ನುವುದು ಅವಳ ವೇದ. ಲಿಫ್ಟಿನವರಿಗೆಲ್ಲಿಯ ಮೆಟ್ಟಿಲಮ್ಮಾ ಎಂದು ನಕ್ಕೆ. ಆದರೆ ಅವತ್ತು ಅವನು ಚಹಾಕ್ಕೆ ಬರಲಿಲ್ಲ. ಮರುದಿನವೂ ಇಲ್ಲ. ಕೆಲಸ ಸಿಕ್ಕಿ ಅವನು ಕೈತಪ್ಪಿದನೇನೋ ಎಂದು ಜೀವ ಝಲ್ಲೆಂದಿತು.

ನಮ್ಮ ಮ್ಯಾನೇಜರು ಮಾತಿಗೊಮ್ಮೆ ಕೆಮ್ಮುತ್ತಾರೆ, ಹಾಗಾಗಿ ಕೆಮ್ಮು ಸಾಹೇಬರು. ಅವನ ಮನಸ್ಸು ತಿಳಿಯೋಣವೆಂದು, ಸಾಹೇಬರು ಊಟಕ್ಕೆ ಎದ್ದುಹೋದಾಗ ಅವರ ಕುರ್ಚಿಯಲ್ಲೇ ಕೂತು, ಅವರ ಫೋನಿನಿಂದಲೇ, ಅವರ ಕೆಮ್ಮನ್ನೇ ಕೆಮ್ಮಿ ಅವನಿಗೆ ಕರೆ ಮಾಡಿದೆ. ನಮ್ಮ ಆಫೀಸಿನ ಲಿಫ್ಟೇ ಕೆಟ್ಟು ಅವನು ಅದರ ಗುಂಡಿಯಲ್ಲಿದ್ದ. ಆ ಹುಡುಗಿ ನಾಳೆ ಮದುವೆ, ಮನೆ ಅಂತ ಹೊರಟುಬಿಡುತ್ತಾಳೆ, ಹುದ್ದೆ ನೀನೇ ತಗೋತೀಯಾ ಎಂದೆ.

ಆ ಕಡೆಯಿಂದ ಮೊದಲು ‘ನಿಲ್ಲಿಸು’ ಎಂಬ ಕೂಗು ಬಂತು; ಕೆಲಸದ ನಡುವೆ ಇದ್ದನೇನೋ. ತುಸು ತಡೆದು ಮಾತಾಡಿದ.

“ಬೇಡ ಸರ್. ನಾನು ಬೇಕಂತಲೇ ತಪ್ಪುತಪ್ಪಾಗಿ ಬರೆದೆ. ಪಾಪ, ಅವಳಿಗೇ ಸಿಗ್ಲಿ ಅಂತ. ಅವಳಿಗೆ ಹೇಳ್ಬೇಡಿ.”

ಕೆಮ್ಮು ಗಂಟಲಲ್ಲೇ ಸಿಕ್ಕಿಕೊಂಡಿತು. ಈ ಸಲ ಅಸಲಿ ಕೆಮ್ಮು. ಕಣ್ಣು ಉರಿಯುವಷ್ಟು ಓದಿ ಗಳಿಸಿದ್ದು ಅವನು ಎಸೆದ ಭಿಕ್ಷೆಯೇ? ಫೋನ್ ಕುಕ್ಕಿ, ಮೆಟ್ಟಿಲು ಹಾರಿ ಹಾರಿ ಇಳಿದು, ಗುಂಡಿಯ ಬಾಗಿಲಲ್ಲಿ ನಿಂತು ಕಿರುಚಿದೆ.

“ನಿನ್ನ ದಾನ ಯಾರಿಗೆ ಬೇಕಿತ್ತೋ?”

ಅವನು ಟಾರ್ಚ್ ಬೆಳಕಲ್ಲಿ ನೆಮ್ಮದಿಯಾಗಿ ಕೈ ಒರೆಸಿಕೊಳ್ಳುತ್ತಿದ್ದ.

“ಗಿಳಿ, ನಾನು ‘ನಿಲ್ಲಿಸು’ ಅಂದ್ರೆ ಫೋನಲ್ಲೇ ‘ನಿಲ್ಲಿಸಿದೆ’ ಅಂದ್ಯಲ್ಲ, ಕೆಮ್ಮು ಸಾಹೇಬ್ರು ಯಾವತ್ತಾದ್ರೂ ಗುಂಡಿಗೆ ಇಳ್ದಿದ್ದಾರಾ?”

ಅಭ್ಯಾಸಬಲ. ನನಗೆ ಗೊತ್ತಿಲ್ಲದೆ ನಾಲಗೆ ಆಡಿಬಿಟ್ಟಿತ್ತು.

“ಹಾಗಾದ್ರೆ ತಪ್ಪು ಬರೆದಿದ್ದು?”

“ಸುಳ್ಳು. ಜೀವ ತೇದು ಬರೆದೆ, ನಿನ್ನೆದುರು ಸೋತೆ. ಅದನ್ನ ನಂಬೋಕಿಂತ ಇದನ್ನ ನಂಬೋದು ಸುಲಭ ಆಯ್ತಲ್ಲ ನಿಂಗೆ?”

ಅಮ್ಮನ ವೇದವನ್ನು ಗೇಲಿ ಮಾಡುತ್ತಲೇ ನಾನದನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಚಹಾಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದೆ. ಮೊದಲ ದಿನ ಸೋತ ಬೇಜಾರಂತೆ. ಎರಡನೆಯ ದಿನ ನಾಚಿಕೆಯಂತೆ. ಈಗ ಕೇಳಿದರೆ ಜನ, ಹುದ್ದೆ ನೋಡಿ ಕೇಳಿದ ಅಂತಾರಂತೆ. ಏನು ಕೇಳುವುದು ಎಂದೆ. ಅವನು ಎರಡೂ ಕೈ ಬಾಯಿಗೆ ಹಿಡಿದು, ಕೆಲಸದ ದನಿಯಲ್ಲಿ ಕೂಗಿದ.

“ಮದುವೆ.”

ತಿರುಗಿ ಕೂಗದೆ ಯಾರೂ ಕದಲುವಂತಿಲ್ಲ. ಕೆಮ್ಮಿ, ಸಾಹೇಬರ ಗಂಟಲಲ್ಲಿ “ಮದುವೆ” ಎಂದೆ.

“ಅವರನ್ನಲ್ಲ ಕೇಳಿದ್ದು. ನಿನ್ನ ದನೀಲಿ ಹೇಳು.”

ಎಲ್ಲರ ದನಿಯೂ ಬರುವ ನನಗೆ ಆಗ ನನ್ನ ದನಿಯೇ ಹೊರಡಲಿಲ್ಲ. ಹೊರಟಾಗ ನಡುಗುತ್ತಿತ್ತು.

“ಮದುವೆ.”

ತಳದಿಂದ ಅವನ ನಗು ಎದ್ದಿತು. ಅದನ್ನೂ ಮುಳುಗಿಸಿ, ಒಂದೊಂದು ಮಹಡಿಯಲ್ಲೂ ಜನ ಇಣುಕುವಷ್ಟು ಜೋರಾಗಿ ನಕ್ಕವಳು ಮಾತ್ರ ಬೇಸ್ತು ಬಿದ್ದ ನಾನೇ.