ಅಮಾವಾಸ್ಯೆಗೆ ನಿಲ್ಲುವ ಮೋಟಾರು

ಕೋಳಿ ಕಳುವಾದರೆ, ಬೈಕು ಕಳುವಾದರೆ ಎಲ್ಲಿ ಹುಡುಕಬೇಕೆಂದು ಪಿಎಸ್‌ಐ ಹೇಮಾಳಿಗೆ ಗೊತ್ತಿತ್ತು. ಜೂನ್ ಮೂರರಂದು ಗಂಗಾವತಿಯ ಪರಮೇಶ ಕೊಪ್ಪಳದ ಠಾಣೆಗೆ ತಂದ ದೂರಿಗೆ ಮಾತ್ರ ತಲೆಬುಡ ಸಿಗಲಿಲ್ಲ. ಮೊಬೈಲಿನಿಂದ ಮೋಟಾರು ಚಾಲೂ ಮಾಡುವ ಪೆಟ್ಟಿಗೆಗಳನ್ನು ತಯಾರಿಸುವವನು ಅವನು. ಪೆಟ್ಟಿಗೆಯ ಚಿಪ್‌ನೊಳಗೆ ಕೂತು ಅದನ್ನು ನಡೆಸುವ ಫರ್ಮ್‌ವೇರ್ ಅವನ ಸ್ವಂತದ್ದು. ಅದನ್ನು ಯಾರೋ ಒಂದು ಮುಕ್ತ ತಂತ್ರಾಂಶದ ಜೊತೆ ಕಟ್ಟಿ, ಯಾರು ಬೇಕಾದರೂ ನಕಲು ಮಾಡಿಕೊಳ್ಳಿ ಎಂಬ ಪರವಾನಗಿ ಹಚ್ಚಿ ಇಂಟರ್‌ನೆಟ್ಟಿಗೆ ಬಿಟ್ಟಿದ್ದರು. ಈಗ ಊರೂರಲ್ಲಿ ನಕಲಿ ಪೆಟ್ಟಿಗೆಗಳು ಕಾಣಿಸಿಕೊಂಡಿದ್ದವು.

"ಆ ಪರವಾನಗಿ ಎಲ್ಲಾ ಬಿಚ್ಚಿಡು ಅಂತೈತ್ರಿ, ನಂದು ಮುಚ್ಚಿಡು ಅಂತೈತಿ. ಎರಡೂ ಒಂದ ಗಂಟಿನ್ಯಾಗ ಇರಾಕ ಬರೂದಿಲ್ರಿ," ಎಂದ ಪರಮೇಶ. ಹಂಚಬಾರದೆಂದು ತಾನು ಬರೆದಿದ್ದ ಎಚ್ಚರಿಕೆಯನ್ನೂ ಅಳಿಸಿದ್ದಾರೆಂದು ತೋರಿಸಿದ. ಹೇಮಾ ಕೃತಿಸ್ವಾಮ್ಯ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿದಳು.

ಇಂಟರ್‌ನೆಟ್ಟಿಗೆ ಬಿಟ್ಟವನು ಕೊಟ್ಟ ಹೆಸರು ಸುಳ್ಳಾಗಿತ್ತು. ತಂತ್ರಾಂಶವನ್ನು ಜಾಲಾಡುತ್ತ ಕೂತ ಪರಮೇಶನಿಗೆ ಒಂದು ವಿಚಿತ್ರ ಕಂಡಿತು. ಅಮಾವಾಸ್ಯೆಯ ಬೆಳಿಗ್ಗೆ ಮೋಟಾರು ತಾನಾಗಿ ಚಾಲೂ ಆಗದಂತೆ ಅದರಲ್ಲಿ ಬರೆದಿತ್ತು. ಚಹಾ ತಂದಿಟ್ಟ ಕಾನ್‌ಸ್ಟೆಬಲ್ ಯಮನೂರ ಯಲಬುರ್ಗಾ ಕಡೆಯವನು. ಬೇವೂರಿನಲ್ಲಿ ನೀರಿನ ಟಾಕಿ ತೊಳೆಯುವುದು ಅಮಾವಾಸ್ಯೆಗೇ, ಅಂದು ಮೋಟಾರು ಮುಟ್ಟುವುದಿಲ್ಲ ಎಂದು ಹೇಳಿದ. ಬೇವೂರಿಗೆ ಒಂದೇ ಪೆಟ್ಟಿಗೆ ಮಾರಿದ್ದು ಪರಮೇಶನಿಗೆ ನೆನಪಾಯಿತು. ಅದನ್ನು ಕೊಂಡವಳು ಊರಿಗೆ ನೀರು ಬಿಡುವ ಮುದಕಮ್ಮ. ಅವಳ ಮಗ ಸುಭಾಷ ಮೋಟಾರು ರಿಪೇರಿಯವನು.

ಗುರುತು ಹಿಡಿಯಲು ಪರಮೇಶನನ್ನೂ, ದಾರಿ ತೋರಿಸಲು ಯಮನೂರನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಬೇವೂರಿಗೆ ಹೊರಟರು. ದಾರಿಯುದ್ದಕ್ಕೂ ಹೇಮಾಳಿಗೆ ಒಂದೇ ಯೋಚನೆ. ಆ ಪೆಟ್ಟಿಗೆ ಕಿತ್ತರೆ ಊರಿನ ನೀರು ನಿಂತೀತು, ಬಿಟ್ಟರೆ ನಾಳೆ ಕೋರ್ಟಿನಲ್ಲಿ ತಾನು ನಿಂತು ಉತ್ತರ ಹೇಳಬೇಕು.

ಸುಭಾಷ ಏನನ್ನೂ ಬಚ್ಚಿಡಲಿಲ್ಲ. ಇಬ್ಬರು ಪಂಚರ ಎದುರು ಪಂಚನಾಮೆ ಬರೆದು ಲ್ಯಾಪ್‌ಟಾಪ್ ವಶಪಡಿಸಿಕೊಂಡರು.

"ಎಚ್ಚರಿಕಿ ಯಾಕ ಅಳಿಸಿದಿ?" ಹೇಮಾ ಕೇಳಿದಳು.

"ಅದಿದ್ರ ಮಂದಿ ಅಂಜಿ ತಗೊಳ್ಳಾಂಗಿಲ್ರಿ."

"ತಪ್ಪಂತ ಗೊತ್ತಿತ್ತೇನು?"

"ಗೊತ್ತಿತ್ರಿ."

ಸುಭಾಷ ತಾನು ಬರೆದ ತಂತ್ರಾಂಶವನ್ನು ಊರಿಗೆಲ್ಲ ಪುಕ್ಕಟೆ ಕೊಟ್ಟಿದ್ದ. ಆದರೆ ಪರಮೇಶನ ಫರ್ಮ್‌ವೇರ್ ಇಲ್ಲದೆ ಅದಕ್ಕೆ ಜೀವ ಬರುತ್ತಿರಲಿಲ್ಲ. ಹಾಗಾಗಿ ಅದನ್ನೂ ಸೇರಿಸಿದ.

ಬಾಗಿಲಲ್ಲಿ ನಿಂತ ಮುದಕಮ್ಮ ಮಗನ ಬಗ್ಗೆ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲವೇನೋ. "ಪೆಟಗಿನೂ ಒಯ್ತೀರೇನ್ರಿ?" ಎಂದಳು. ಹೇಮಾ ಪರಮೇಶನ ಮುಖ ನೋಡಿದಳು. ಅವನು ಪೆಟ್ಟಿಗೆಯ ಮೇಲಿನ ತನ್ನ ಗುರುತು ನೋಡಿದ.

"ಇದು ನಂದ ಪೆಟಗಿರಿ, ಮಾರಿದ್ದು. ಇದರಾಗ ನನ್ನ ಫರ್ಮ್‌ವೇರ್ ನಡಿಯಾಕ ಪರವಾನಗಿ ಐತಿ. ಹಂಚಿದ್ದು ತಪ್ಪು," ಎಂದ.

ಹೇಮಾ ಅದನ್ನು ಹಾಗೆಯೇ ಹೇಳಿಕೆಯಲ್ಲಿ ಬರೆಸಿದಳು. ಸುಭಾಷನನ್ನು ಬಂಧಿಸಿ ಜೀಪು ಹತ್ತಿಸಿದರು.

ಅವನ ತಂದೆ ಕನಕಪ್ಪನೂ ಊರಿನ ನೀರು ಬಿಡುವವನೇ ಆಗಿದ್ದನೆಂದು ಯಮನೂರ ಆಗ ಹೇಳಿದ. ಒದ್ದೆ ಕೈಯಲ್ಲಿ ಹಳೆಯ ಸ್ಟಾರ್ಟರ್ ಮುಟ್ಟಿದವನು ಕರೆಂಟು ಹೊಡೆದು ಅಲ್ಲೇ ಸತ್ತಿದ್ದ. ಕೆಲಸ ಹೆಂಡತಿಯ ಪಾಲಿಗೆ ಬಂದಿತ್ತು.

ಜೀಪು ಊರು ದಾಟಿದ ಮೇಲೆ ಸುಭಾಷ ಬಾಯಿಬಿಟ್ಟ. "ನಮ್ಮವ್ವಂದು ಉಳೀತ್ರಿ. ಉಳಿದ ಊರಾಗಿನ ಪೆಟಗಿ?"

"ತೆಗೀಬೇಕು," ಎಂದಳು ಹೇಮಾ.

ಅವನು ತಲೆ ತಗ್ಗಿಸಿದ. ನಕಲಿ ಪೆಟ್ಟಿಗೆ ಇದ್ದ ಊರುಗಳ ಪೈಕಿ ಮೊದಲನೆಯದು ತಾವರಗೇರಾ. ಅಲ್ಲಿ ನೀರು ಬಿಡುವ ಯೂಸುಫನಿಗೆ ಹೇಮಾ ತಾನೇ ಫೋನು ಹಚ್ಚಿ, ಪೆಟ್ಟಿಗೆ ಜಪ್ತಿಗೆ ಬರುತ್ತಿದ್ದೇವೆ ಎಂದು ತಿಳಿಸಿದಳು. ಫೋನು ಇಡಲು ಮನಸ್ಸಾಗಲಿಲ್ಲ.

"ನಾಳಿಂದ ಕೈಲೆ ಚಾಲೂ ಮಾಡಬೇಕಾಕ್ಕೈತಿ, ಯೂಸುಫಣ್ಣ. ಮೊದಲು ಕೈ ಛಲೋತ್ನಾಗ ಒರಸ್ಕೋರಿ. ಕಾಲಾಗ ಚಪ್ಪಲಿ ಇರಲಿ."