ಹೊಳೆಯದ ಗುರುತು

ಬ್ರೇಕ್ ತುಳಿದೆ.

ಪೆಡಲ್ ನಿಂತಿತು. ಕಾರು ನಿಲ್ಲಲಿಲ್ಲ!

ಇಳಿಜಾರು ರಸ್ತೆ. ಮುಂದೆ ಬೆಣ್ಣೆಯ ವ್ಯಾನು. ಎಡಕ್ಕೆ ಗೋಡೆ, ಬಲಕ್ಕೆ ಕಾಲುವೆ... ಸ್ಟಿಯರಿಂಗ್ ತಿರುಗಿಸಿ, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿಗೆ ನುಗ್ಗಿಸಿದೆ. ಬಾಯಿ ತುಂಬ ಮರಳು.

ಬೆಣ್ಣೆ ಯಾರು ಅಂತೀರಾ? ನಕಲಿ ಬ್ರೇಕ್ ಪ್ಯಾಡ್ ಮಾರುವ ಕಳ್ಳ. ಮಾತು ಮಾತ್ರ ಬೆಣ್ಣೆ. ಅಂಥವರನ್ನು ಹಿಡಿಯಲು ಅಸಲಿ ಪ್ಯಾಡಿನ ಕಂಪನಿ ಇಟ್ಟುಕೊಂಡ ಆಳು ನಾನು. ಆ ಪ್ಯಾಡಿನ ಬೆನ್ನಿಗೆ ಕಣ್ಣಿಗೆ ಕಾಣದ ಶಾಯಿಯ ಗುರುತು ಇರುತ್ತದೆ. ನನ್ನ ಟಾರ್ಚಿನ ಬೆಳಕೂ ಕಣ್ಣಿಗೆ ಕಾಣದ್ದೇ. ಅದು ಬಿದ್ದರೆ ಗುರುತು ನೀಲಿಯಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ನಕಲಿ. ಅಷ್ಟೇ ವಿದ್ಯೆ.

ಬೆಣ್ಣೆ ಓಡಲಿಲ್ಲ. ವ್ಯಾನು ನಿಲ್ಲಿಸಿ ನಗುತ್ತಾ ಬಂದ. ಕತ್ತಿನ ಪಟ್ಟಿ ಹಿಡಿದೆ.

"ಬಿಡಿ ಸಾರ್! ಮೊದ್ಲು ನಿಮ್ಮ ಚಕ್ರಕ್ಕೆ ಟಾರ್ಚ್ ಹಿಡೀರಿ."

ಚಕ್ರದ ಸಂದಿಯಿಂದ ಪ್ಯಾಡಿಗೆ ಹಿಡಿದೆ. ನೀಲಿ ಇಲ್ಲ. ಬರೀ ಕಪ್ಪು.

"ನಮ್ಮನೇ ಮಾಲು!" ಎಂದ. "ಹೋದ ತಿಂಗಳು ನನ್ನ ಗೋಡೌನಿಂದ ಜಪ್ತಿ ಮಾಡಿ ಹೊತ್ಕೊಂಡು ಹೋದ್ರಲ್ಲ... ಸುಡೋಕೆ ಕುಲುಮೆಗೆ ಹಾಕ್ಲಿಲ್ವಾ?"

ಎರಡು ಬಾಕ್ಸ್ ಕುಲುಮೆಗೆ ಹೋಗಿರಲಿಲ್ಲ. ತಂಗಿಯ ಗಂಡನ ಗ್ಯಾರೇಜಿಗೆ ಹೋಗಿದ್ದವು. 'ನಾಲ್ಕು ಪ್ಯಾಡ್ ಕೊಡಿಸೋವಷ್ಟೂ ಕಂಪನಿಯಲ್ಲಿ ನಿಮ್ಮ ಮಾತು ನಡೆಯಲ್ವಾ?' ಎಂದು ಅವನು ದಿನಾ ಚುಚ್ಚುತ್ತಿದ್ದ. ಜಂಬಕ್ಕೆ ಬಿದ್ದೆ. ಅಸಲಿ ಎಂದು ಹೇಳಿ ಕೊಟ್ಟೆ. ಯಾರದೋ ಗಾಡಿಗೆ ಹಾಕುತ್ತಾನೆ, ನನಗೇನು? ಹೀಗೆ ಯೋಚಿಸಿದವನು ನಾನೇ!

ತಂಗಿಯ ಗಂಡನಿಗೆ ಫೋನ್ ಮಾಡಿದೆ. "ಆ ಪ್ಯಾಡ್ ಯಾರ ಗಾಡಿಗೆ ಹಾಕ್ದೆ?"

"ಸರ್ವೀಸಿಗೆ ಬಂದಾಗ ನಿಮ್ದಕ್ಕೆ. ಇವತ್ತು ಬೆಳಿಗ್ಗೆ ನಮ್ಮವಳ ಸ್ಕೂಲ್ ವ್ಯಾನಿಗೆ. ಅಷ್ಟು ಒಳ್ಳೇ ಮಾಲು ಬೇರೆಯವರಿಗ್ಯಾಕೆ ಭಾವ?"

ತಂಗಿ!

ಶಾಲೆ ಬಿಡುವ ಹೊತ್ತು. ಹನ್ನೊಂದು ಮಕ್ಕಳು. ಇದೇ ಇಳಿಜಾರು.

ಅವಳಿಗೆ ಕರೆ ಮಾಡಿದೆ. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡ ಎಂದು ಬೈದು ಕಲಿಸಿದವನೂ ನಾನೇ.

"ಕೀ ಕೊಡೋ! ನಿನ್ನ ವ್ಯಾನಿನ ಬ್ರೇಕ್ ಹಿಡಿಯುತ್ತಾ?"

"ಅಸಲಿ ಹಾಕಿದೀನಿ ಸಾರ್. ನನಗೂ ಹೆಂಡ್ತಿ ಮಕ್ಕಳಿಲ್ವಾ?"

ಅಷ್ಟರಲ್ಲಿ ಮೇಲಿನಿಂದ ಹಾರ್ನ್. ಬಿಡದ ಹಾರ್ನ್! ತಂಗಿಯ ವ್ಯಾನು ಉರುಳಿ ಬರುತ್ತಿತ್ತು.

ಬೆಣ್ಣೆಯ ವ್ಯಾನಿಗೆ ಹಾರಿದೆ. ಅವಳ ಮುಂದೆ ತಂದು, ಅವಳ ವೇಗಕ್ಕೇ ಓಡಿಸಿದೆ. ಧಡ್! ಹಿಂದಿನಿಂದ ಗುದ್ದಿತು. ಮೆಲ್ಲಗೆ ಬ್ರೇಕ್ ಒತ್ತಿದೆ... ಇನ್ನೂ... ಇನ್ನೂ... ಟೈರು ಕಿರುಚಿತು. ಮಕ್ಕಳು ಕಿರುಚಿದರು.

ಕಾಲುವೆಯ ತಿರುವಿನಲ್ಲಿ ಎರಡೂ ನಿಂತವು. ಕಳ್ಳನ ಬ್ರೇಕ್ ಹಿಡಿದಿತ್ತು.

ತಂಗಿ ಇಳಿದಳು. ಹಣೆಯಲ್ಲಿ ರಕ್ತ. ಮೊದಲು ಮಕ್ಕಳನ್ನು ಎಣಿಸಿದಳು. ಹನ್ನೊಂದು. ಆಮೇಲೆ ಚಕ್ರದ ಹತ್ತಿರ ನಾನು ಟಾರ್ಚ್ ಹಿಡಿದು ಕುಕ್ಕರಿಸಿದ್ದನ್ನು ನೋಡಿದಳು. ನೀಲಿ ಹೊಳೆಯದಿದ್ದುದನ್ನೂ ನೋಡಿದಳು.

ಬೆಣ್ಣೆ ಏದುಸಿರು ಬಿಡುತ್ತಾ ಓಡಿ ಬಂದ.

"ಇವನೇನಾ ಅಣ್ಣ, ನಕಲಿ ಮಾಡೋನು? ಇವನ ಕೆಲಸಾನಾ ಇದು?" ಎಂದಳು ತಂಗಿ.

ಬೆಣ್ಣೆ ನನ್ನನ್ನೇ ನೋಡಿದ. ಹೂಂ ಎಂದರೆ ಮುಗಿಯುತ್ತಿತ್ತು. ಹೂಂ ಅನ್ನುವ ಮನಸ್ಸೂ ಬಂತು... ಸುಳ್ಳು ಯಾಕೆ ಹೇಳಲಿ?

"ಮಾಡಿದ್ದು ಅವನು," ಎಂದೆ. "ಅಸಲಿ ಅಂತ ಕೊಟ್ಟಿದ್ದು... ನಾನು."

ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. ನನ್ನ ಕೈಯಿಂದ ಟಾರ್ಚ್ ಕಿತ್ತುಕೊಂಡಳು. ಬಿಸಿಲಿಗೆ ಅಂಗೈ ಅಡ್ಡ ಮಾಡಿ, ನನ್ನ ಮುಖಕ್ಕೆ ಹಿಡಿದು, ಬಹಳ ಹೊತ್ತು ನೋಡಿದಳು.

"ಇಲ್ಲೂ ಏನೂ ಹೊಳೀತಿಲ್ಲ," ಎಂದಳು.